ಎರಿ ಮಣ್ಣಿನಲ್ಲಿ ಕರಿದಾರ

“ಗೊಂಬಿ ಬಾಯಿ ಹೊಲಿದ ಮ್ಯಾಲ ಬಿಚ್ಚಲಾರದ ಎದ್ದು ಹೋಗಬ್ಯಾಡ್ರಿ ಸಾಹೇಬ್ರ.”

ಸಾಬಮ್ಮ ಹಾಗೆಂದಾಗ ಅಜಯಕುಮಾರ ಕಿಸಕ್ಕನೆ ನಕ್ಕುಬಿಟ್ಟ. ಎದುರಿಗೆ ಕುಳಿತ ಎಪ್ಪತ್ತರ ಮುದುಕಿ ನಗಲಿಲ್ಲ. ಜೇವರ್ಗಿ ಕಡೆಯ ಇಜೇರಿ ಊರಿನ ಆ ಮನೆಯ ಪಡಸಾಲೆಯಲ್ಲಿ ಲೋಬಾನದ ಹೊಗೆ ಅಡರಿತ್ತು, ಹೊರಗೆ ಸೆಪ್ಟೆಂಬರಿನ ಮೋಡ ಕವಿದಿತ್ತು.

ಸಾಬಮ್ಮನ ಅಣ್ಣ ಧರ್ಮಣ್ಣ ಮಾಸ್ತರರು ಸಾವಿರದ ನೂರು ಪುಟದ ಮಾಯಾಲೋಕದ ಕಾದಂಬರಿಯೊಂದನ್ನು ಬರೆದಿಟ್ಟು ತೀರಿಕೊಂಡಿದ್ದರು. ಹೆಸರು ‘ಹನ್ನೆರಡು ಬುರುಜಿನ ರಾಣಿ’. ಅದನ್ನು ಮೂರು ಸಿನಿಮಾ ಮಾಡುತ್ತೇನೆಂದು ಮೈಸೂರಿನಿಂದ ಬಂದವನು ಈ ಅಜಯಕುಮಾರ. ಕಾದಂಬರಿಯಲ್ಲಿ ಒಬ್ಬ ಮಾಟಗಾತಿ ರಾಣಿಯ ಹೆಸರಿನ ಗೊಂಬೆಯ ಬಾಯಿ ಹೊಲಿಯುತ್ತಾಳೆ, ರಾಣಿ ಮೂಕಿಯಾಗುತ್ತಾಳೆ. ಆ ಮಾಟ ಮಾಸ್ತರರ ಕಲ್ಪನೆಯಲ್ಲ. ಸಾಬಮ್ಮ ಸಣ್ಣವಳಿದ್ದಾಗ ಅಜ್ಜಿ ಮಾಡಿದ್ದನ್ನು ಕಣ್ಣಾರೆ ಕಂಡು ಅಣ್ಣನಿಗೆ ಹೇಳಿದ್ದಳು. ಅದಕ್ಕೇ ಅವರು ಹೊಲಿಸಿದ ಮರುಪುಟದಲ್ಲೇ ಮಾಟಗಾತಿಗೆ ಮರುಕ ಹುಟ್ಟಿಸಿ ಹೊಲಿಗೆ ಬಿಚ್ಚಿಸಿದ್ದರು.

ಅಜಯಕುಮಾರನ ತಾಪತ್ರಯವೇ ಬೇರೆ. ಮೊದಲ ಸಿನಿಮಾ ಎಲ್ಲಿ ಮುಗಿಯಬೇಕೆಂದು ತಿಳಿಯದೆ ಚಿತ್ರಕಥೆಯನ್ನು ಐದು ಸಲ ಹರಿದುಹಾಕಿದ್ದ. ಆಳಂದದಲ್ಲಿ ಹಾಕಿದ ಕೋಟೆಯ ಸೆಟ್ಟು ಗಾಳಿಮಳೆಗೆ ಮಲಗಿತ್ತು. ಕೊನೆಗೂ ಹೊಳೆದದ್ದು ಇದು: ರಾಣಿಯ ಬಾಯಿ ಹೊಲಿದಲ್ಲಿಗೆ ಮೊದಲ ಸಿನಿಮಾ ಮುಕ್ತಾಯ. ಬಿಚ್ಚುವುದೇನಿದ್ದರೂ ಎರಡನೆಯದರಲ್ಲಿ, ಬರುವ ವರ್ಷ.

“ನಮ್ಮಣ್ಣ ಮುಂದಿನ ಹಾಳ್ಯಾಗೇ ಬಿಚ್ಚಿಸ್ಯಾನ್ರಿ,” ಎಂದಳು ಸಾಬಮ್ಮ. “ನೀವು ವರ್ಷಾನಗಟ್ಲೆ ಹಂಗೇ ಇಡ್ತೀರಂತ.”

“ಇಡದೇ ಇದ್ರೆ ಎರಡನೇ ಸಿನಿಮಾಕ್ಕೆ ಯಾರಮ್ಮ ಬರ್ತಾರೆ?”

ಹೊಲಿದ ಕೈಯೇ ಬಿಚ್ಚಬೇಕು, ಒಂದೊಂದೇ ಗಂಟು ಬಿಚ್ಚಬೇಕು, ಇಲ್ಲದಿದ್ದರೆ ಗೊಂಬೆ ಯಾರ ಹೆಸರಿನದೋ ಅವಳ ಬಾಯಿ ಮುಚ್ಚುತ್ತದೆ ಎಂದು ಅವಳು ಮತ್ತೆ ಮತ್ತೆ ಹೇಳಿದಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ರಾಣಿಯ ಪಾತ್ರ ಅವನ ಹೆಂಡತಿ ಸುಮಂಗಲಾಳದು. ನಾಟಕದಲ್ಲಿ ಪಳಗಿದ ದನಿ ಅವಳದು. ಆ ದನಿಗೆ ಮರುಳಾಗಿಯೇ ಅವನು ಅವಳನ್ನು ಮದುವೆಯಾಗಿದ್ದ. ಈ ಕಾದಂಬರಿಯನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿ ಹುಚ್ಚು ಹಿಡಿಸಿದವಳೂ ಅವಳೇ.

ಊರ ಹೊರಗಿನ ಪಾಳು ವಾಡೆಯಲ್ಲಿ ಚಿತ್ರೀಕರಣ. ಹೊರಗೆ ನಡುಮಧ್ಯಾಹ್ನ, ಒಳಗೆ ಕಿಟಕಿಗಳಿಗೆಲ್ಲ ಕರಿಬಟ್ಟೆ ಬಿಗಿದು ಮಾಡಿದ ಕಗ್ಗತ್ತಲೆ. ಬಾವಲಿಯ ಹಿಕ್ಕೆಯ ವಾಸನೆ, ಔಡಲೆಣ್ಣೆ ದೀಪದ ಕಮಟು. ಗೊಂಬೆಗೆ ನೈಜತೆ ಬರಲೆಂದು ಸುಮಂಗಲಾಳ ಬಾಚಣಿಗೆಯ ಕೂದಲನ್ನೇ ಅಂಟಿಸಿದ್ದರು, ಅವಳು ಉಟ್ಟ ಸೀರೆಯ ಸೆರಗಿನ ಚೂರನ್ನೇ ಸುತ್ತಿದ್ದರು. ಸೆಟ್ಟಿನ ಪ್ರತಿ ಸಾಮಾನಿಗೂ ನಟರ ಹೆಸರಿನ ಚೀಟಿ ಕಟ್ಟುವುದು ಸಿನಿಮಾದವರ ರೂಢಿ. ಹಾಗೆ ಗೊಂಬೆಯ ಕೊರಳಿಗೂ ಚೀಟಿ ಬಿತ್ತು: ‘ಸುಮಂಗಲಾ, ದೃಶ್ಯ ೯೮’. ಮಾಟಕ್ಕೆ ಬೇಕಾದ ಕೂದಲು, ಬಟ್ಟೆ, ಹೆಸರು ಮೂರನ್ನೂ ತಮ್ಮ ಕೈಯಾರೆ ಕೂಡಿಸಿದ್ದು ಆ ಜಾಣರಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಒಬ್ಬಳಿಗೆ. ಮಾಟಗಾತಿಯ ವೇಷದಲ್ಲಿದ್ದ ಅಫಜಲಪುರದ ಶಿವಕಾಂತಾ ಚೀಟಿ ಓದಿದವಳೇ ಸೂಜಿ ಕೆಳಗಿಟ್ಟಳು.

“ಹೆಸರ ಬರದ ಗೊಂಬಿ ನಾ ಹೊಲಿಯಂಗಿಲ್ರಿ.”

ಅಜಯಕುಮಾರ ರೇಗಿದ. ಕಾಣುವುದು ಬರೀ ಕೈ ತಾನೇ? ಅವಳ ಬಳೆಗಳನ್ನು ತಾನೇ ತೊಟ್ಟು ಕ್ಯಾಮೆರಾದ ಮುಂದೆ ಕುಳಿತ. ಏಳು ಹೊಲಿಗೆ, ಪ್ರತಿ ಹೊಲಿಗೆಗೆ ಒಂದು ಗಂಟು. ಮೊದಲ ಟೇಕಿನಲ್ಲಿ ಫೋಕಸ್ ಜಾರಿತು. ಸಹಾಯಕಿಯೊಬ್ಬಳು ಕತ್ತರಿಯಿಂದ ದಾರ ಕತ್ತರಿಸಿ, ಚೂರುಗಳನ್ನು ಗುಡಿಸಿ, ಗೊಂಬೆಯನ್ನು ಮತ್ತೆ ಸಿದ್ಧ ಮಾಡಿದಳು. ಎರಡನೆಯದರಲ್ಲಿ ಹೊಗೆ ಹೆಚ್ಚಾಯಿತು. ಮೂರನೆಯದರಲ್ಲಿ ದೀಪ ಆರಿತು. ಮೊದಮೊದಲು ಸುಮಂಗಲಾ ಮಾನಿಟರಿನ ಪಕ್ಕ ಕುಳಿತು ಗಂಡನ ಬಳೆಗಳನ್ನು ಗೇಲಿ ಮಾಡುತ್ತಿದ್ದಳು. ನಾಲ್ಕನೆಯ ಟೇಕಿನ ಹೊತ್ತಿಗೆ ತುಟಿ ಉಜ್ಜಿಕೊಳ್ಳತೊಡಗಿದಳು. ಏಳನೆಯದರ ಹೊತ್ತಿಗೆ ಅವಳ ಮಾತು ನಿಂತಿತ್ತು. ಯಾರೂ ಗಮನಿಸಲಿಲ್ಲ. ಒಂಬತ್ತನೆಯದು ಓಕೆ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ಚಹಾ ಬಂತು. ಸುಮಂಗಲಾ ಕಪ್ಪನ್ನು ಬಾಯಿಗಿಟ್ಟಳು. ಚಹಾ ಗದ್ದದ ಮೇಲಿಂದ ಎದೆಗೆ ಸುರಿಯಿತು. ತುಟಿ ತೆರೆಯಲಿಲ್ಲ. ಗಾಯವಿಲ್ಲ, ಬಾವಿಲ್ಲ. ಮೇಲೆ ಏಳು, ಕೆಳಗೆ ಏಳು ಸೂಜಿಮೊನೆಯಷ್ಟು ಕರಿಚುಕ್ಕೆ ಮಾತ್ರ. ಗಂಟಲೊಳಗಿಂದ ‘ಮ್ಮ್... ಮ್ಮ್...’ ಎಂಬ ಸದ್ದು. ಕಲಬುರಗಿಯ ಡಾಕ್ಟರುಗಳು ನರ ಎಂದರು, ಭಯ ಎಂದರು, ಮೂಗಿಗೆ ನಳಿಗೆ ಹಾಕಿ ಹಾಲು ಬಿಟ್ಟರು. ಅವಳ ಕಣ್ಣು ಮಾತ್ರ ಗಂಡನ ಕೈಯನ್ನೇ ನೋಡುತ್ತಿತ್ತು.

ನಾಲ್ಕನೆಯ ದಿನ ಅಜಯಕುಮಾರ ಸಾಬಮ್ಮನ ಹೊಸ್ತಿಲಲ್ಲಿ ಬಂದು ನಿಂತ. ಅವಳು ಬಯ್ಯಲಿಲ್ಲ.

“ಗೊಂಬಿ ಎಲ್ಲದ?”

ಎರಡನೆಯ ಸಿನಿಮಾದ ಸಾಮಾನೆಂದು ಟ್ರಂಕಿನಲ್ಲಿ ತುಂಬಿ ಆಳಂದಕ್ಕೆ ಕಳಿಸಿದ್ದರು. ಮುದುಕಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಜೇವರ್ಗಿ ದಾಟಿದ. ಭೀಮೆಯ ಸೇತುವೆ ದಾಟಿದ. ಕಲಬುರಗಿ. ಕಡಗಂಚಿ. ಮಳೆ ಹಿಡಿಯಿತು. ಗಾಜಿನ ಮೇಲೆ ನೀರು, ಕಣ್ಣಲ್ಲಿ ನೀರು. ಆಳಂದದ ಗೋದಾಮಿನ ಬೀಗ ತೆಗೆಸಿದ. ಟ್ರಂಕು ತೆರೆದ. ಕರ್ಪೂರದ ಗುಳಿಗೆಯ ವಾಸನೆ. ಅದರಡಿಯಲ್ಲಿ ಇನ್ನೊಂದು ವಾಸನೆ, ಹೆಂಡತಿಯ ಕೂದಲೆಣ್ಣೆಯದು. ಗೊಂಬೆಯ ಬಾಯಿ ಒದ್ದೆಯಾಗಿತ್ತು. ಉಗುರಿನಿಂದ ಒಂದು ಗಂಟು ಬಿಚ್ಚಿದ. ಎರಡು. ಮೂರು. ಉಗುರು ಸೀಳಿತು. ಬಿಡಲಿಲ್ಲ. ಏಳು.

ಫೋನು ಮಾಡಿದ. ಆಸ್ಪತ್ರೆಯಲ್ಲಿ ಸುಮಂಗಲಾಳ ಬಳಿ ಕುಳಿತಿದ್ದ ಶಿವಕಾಂತಾ ಅಳುತ್ತ ಹೇಳಿದಳು: ತುಟಿಯ ತುದಿ ಒಂಚೂರು ಬಿಟ್ಟಿದೆ, ಒಂದು ಹನಿ ನೀರು ಒಳಗೆ ಹೋಯಿತು.

“ಒಂದು ಹನಿ? ಅಷ್ಟೇನಾ?”

ಸಾಬಮ್ಮ ಗೊಂಬೆಯ ಬಾಯಿಯ ಮೇಲೆ ಬೆರಳಾಡಿಸಿದಳು. ತೂತಿನ ಪಕ್ಕ ತೂತು, ಅದರ ಪಕ್ಕ ಇನ್ನೊಂದು. ಅವಳ ಮುಖ ಇಳಿಯಿತು.

“ಎಷ್ಟ್ ಸಲ ಹೊಲಿದ್ರಿ?”

“ಒಂಬತ್ತು.”

“ಉಳದ ಎಂಟ್ ಸಲದ ದಾರ?”

“ಕತ್ತರಿಸಿ ಗುಡಿಸಿಬಿಟ್ವಿ.”

ಅವಳು ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡಳು.

“ಕತ್ತರಿಸಿದ್ರ ಬಿಚ್ಚಿದಂಗ ಅಲ್ರಿ, ಯಪ್ಪಾ. ಗಂಟು ಹಂಗೇ ಅದಾವ.”

ಎಂಟು ಟೇಕು, ಏಳೇಳು ಗಂಟು. ಐವತ್ತಾರು. ವಾಡೆಯ ಕಸವನ್ನು ಅದರ ಹಿಂದಿದ್ದ, ಜಗದೇವನೆಂಬ ರೈತನ ಹೊಲಕ್ಕೆ ಚೆಲ್ಲಿದ್ದರು. ಅವನು ಮರುದಿನವೇ ಕುಂಟೆ ಹೊಡೆದು ಮಣ್ಣು ಮಗುಚಿದ್ದ. ಮೇಲೆ ಎರಡು ಮಳೆ ಬಿದ್ದಿತ್ತು. ಅಪ್ಪಟ ಎರಿ ಭೂಮಿ, ಇದ್ದಿಲಿನಂತೆ ಕಪ್ಪು. ಅದರೊಳಗೆ ಎಳ್ಳುಕಾಳಿನಷ್ಟು ಕರಿದಾರದ ಗಂಟುಗಳು.

ಈಗ ಆ ಹೊಲದಲ್ಲಿ ಜೋಳ ಮೊಣಕಾಲಿಗೆ ಬಂದಿದೆ. ಬೆಳಗಾದರೆ ಅಜಯಕುಮಾರ ಜರಡಿ ಹಿಡಿದು ಸಾಲುಗಳ ನಡುವೆ ಮೊಣಕಾಲೂರುತ್ತಾನೆ. ಪಾಪ, ಜಗದೇವ ಬೇಡವೆನ್ನುವುದಿಲ್ಲ. ಇಲ್ಲಿಯವರೆಗೆ ಸಿಕ್ಕದ್ದು ಮೂರು. ಒಂದೊಂದು ಬಿಚ್ಚಿದಾಗಲೂ ಸುಮಂಗಲಾಳ ತುಟಿ ನೂಲಿನೆಳೆಯಷ್ಟು ಬಿಡುತ್ತದೆ. ಎರಡನೆಯ ಸಿನಿಮಾ ಯಾವಾಗ ಎಂದು ಫೋನು ಬರುತ್ತಲೇ ಇರುತ್ತದೆ. ಅವನು ಎತ್ತುವುದಿಲ್ಲ.

ಮಧ್ಯಾಹ್ನ ಸುಮಂಗಲಾ ಮೂಗಿನ ನಳಿಗೆಯೊಂದಿಗೇ ಬಂದು ಬದುವಿನ ಮೇಲೆ ಕೂರುತ್ತಾಳೆ. ನಿನ್ನೆ ಒಂದು ಕರಿ ಎಳೆ ಅವನ ಕೈಗೆ ಸಿಕ್ಕಿತು. ಬೆಳಕಿಗೆ ಹಿಡಿದು, ಉಗುಳು ಹಚ್ಚಿ ತಿಕ್ಕಿ ನೋಡಿದ.

ಜೋಳದ ಬೇರು.

ಅವಳು ಮುಚ್ಚಿದ ಬಾಯೊಳಗೇ ಏನೋ ಅಂದಳು. ಏನೆಂದು ಅವನಿಗೆ ತಿಳಿಯಲಿಲ್ಲ.