ಅಮಾಸಿ ದಿನ ಬೀಗ ಬಿದ್ದ ಡಿಸ್ಕು

೨೦೧೯ರ ಸೆಪ್ಟೆಂಬರ್ ೩೦, ಸೋಮವಾರ, ಬೆಳಿಗ್ಗೆ ೧೦.೧೫. ಗಿಣಿಗೇರಾದ ಖಾಸಗಿ ಆಸ್ಪತ್ರೆಯೊಂದರ ಮ್ಯಾನೇಜರ್ ವಿರೂಪಾಕ್ಷಪ್ಪ ಠಾಣೆಗೆ ಬಂದು ದೂರು ಬರೆದುಕೊಟ್ಟ. ಕಂಪ್ಯೂಟರಿನ ಡಿಸ್ಕಿನ ಒಂದು ಭಾಗಕ್ಕೆ ಯಾರೋ ಪಾಸ್‌ವರ್ಡ್ ಜಡಿದಿದ್ದರು. ಪಕ್ಕದ ಕಬ್ಬಿಣದ ಕಾರ್ಖಾನೆಯ ನಾನ್ನೂರ ಹನ್ನೆರಡು ಕಾರ್ಮಿಕರ ಎದೆಯ ಎಕ್ಸ್‌ರೇ ಅದರೊಳಗಿದ್ದವು. ಇನ್ಸ್‌ಪೆಕ್ಟರ್ ಸಿದ್ದಲಿಂಗೇಶ ಎಫ್‌ಐಆರ್ ದಾಖಲಿಸಿದ. ಏನೂ ಕಳುವಾಗಿಲ್ಲ, ಆದರೂ ಈ ಆಸಾಮಿಗೆ ಇಷ್ಟು ಅವಸರ ಯಾಕೆಂದು ಅವನಿಗೆ ಒಳಗೊಳಗೇ ಕಿರಿಕಿರಿ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಪಂಚನಾಮೆ. ಕಂಪ್ಯೂಟರ್ ಬಲ್ಲ ಕಾನ್‌ಸ್ಟೆಬಲ್ ಗಾಳೇಶ ಪಂಚರೆದುರು ಯಂತ್ರ ತೆರೆದ.

“ಮೌಸ್ ಮುಟ್ಟಿಲ್ರಿ ಸರ, ಎಲ್ಲಾ ಕಮಾಂಡ್ ಟೈಪ್ ಮಾಡಿ ಮಾಡ್ಯಾರ. ಮೊದಲ ಎಕ್ಸ್‌ರೇ ಬ್ಯಾರೆ ಕಡಿ ಇಟ್ಟಾರ, ಡಿಸ್ಕಿನ ಈ ಪಾರ್ಟಿಷನ್ ಎನ್‌ಕ್ರಿಪ್ಟ್ ಮಾಡಿ ಪಾಸ್‌ವರ್ಡ್ ಬೀಗ ಹಾಕ್ಯಾರ, ಆಮ್ಯಾಲ ವಾಪಸ್ ಒಳಗ ಹಾಕಿ ಹೊರಗಿನ ನಕಲು ಅಳಿಸ್ಯಾರ.”

“ಯಾವಾಗ?”

“ಶನಿವಾರ ಮುಂಜಾನಿ ೧೧.೪೦ಕ್ಕರಿ.”

“ಆಗೂದ ಇಲ್ರಿ,” ಎಂದ ವಿರೂಪಾಕ್ಷಪ್ಪ. “ಶನಿವಾರ ಅಮಾಸಿ. ಅಮಾಸಿಗೆ ಕಾಯಿ ಒಡದು ಪೂಜಿ ಮಾಡಿ ಬಾಗಲಾ ಹಾಕ್ತೀವಿ. ಯಾರೂ ಮಷಿನ್ ಚಾಲೂ ಮಾಡಂಗಿಲ್ಲ.”

“ಪೂಜಿ ಮಾಡೋರು ಯಾರು?”

“ಎಕ್ಸ್‌ರೇ ರೂಮಿನ ಹೇಮಾ.”

ಮೂರು ಗಂಟೆಗೆ ಮಹಿಳಾ ಕಾನ್‌ಸ್ಟೆಬಲ್ ಎದುರು ಹೇಮಾಳ ವಿಚಾರಣೆ. ಅವಳು ಸುತ್ತಿ ಬಳಸಿ ಮಾತಾಡಲಿಲ್ಲ.

“ನಾನ ಮಾಡೀನ್ರಿ. ಸೋಮವಾರ ಬಂದ ಕೂಡ್ಲೇ ಎಲ್ಲಾ ಅಳಿಸು ಅಂತ ಮ್ಯಾನೇಜರ್ ಅಂದಿದ್ರು. ಗುರುವಾರ ಕಾರ್ಮಿಕ ಅಧಿಕಾರಿ ಮುಂದ ಕಾರ್ಖಾನಿ ಧೂಳಿನ ವಿಚಾರಣಿ ಐತಿ. ನೂರಾ ಆರು ಮಂದಿ ಎದಿಯಾಗ ಧೂಳ ಕುಂತೈತ್ರಿ. ಅವರಿಗೆ ಯಾರೂ ಹೇಳಿಲ್ಲ.”

“ನಕಲು ತಗೊಂಡು ಹೋಗಬೇಕಿತ್ತವಾ,” ಎಂದ ಸಿದ್ದಲಿಂಗೇಶ.

“ಒಯ್ದಿದ್ರ ಕಳವು ಅಂತಿದ್ರಿ. ಅದಕ್ಕ ಅಲ್ಲೇ ಇಟ್ಟು ಬೀಗ ಹಾಕಿದೆ.”

ಸಿದ್ದಲಿಂಗೇಶ ನಗು ತಡೆದುಕೊಂಡು ವಿರೂಪಾಕ್ಷಪ್ಪನನ್ನು ಒಳಗೆ ಕರೆದ. “ಡಿಸ್ಕ್ ಜಪ್ತಿ ಮಾಡಿ, ಸೀಲ್ ಹಾಕಿ ಕೋರ್ಟಿಗೆ ಕಳಿಸ್ತೀನ್ರಿ. ಇನ್ನ ಯಾರೂ ಅಳಿಸಾಕ ಬರಂಗಿಲ್ಲ.”

“ಅಳಸ್ರಿ ಅಂತ ನಾ ಯಾರಿಗೂ ಹೇಳಿಲ್ರಿ!” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. “ದೂರು ವಾಪಸ್ ತಗೋತೀನಿ.”

“ಎಫ್‌ಐಆರ್ ಆಗೈತಿ. ನಿಮ್ಮ ಸಹಿನ ಐತಿ.”

ಸಂಜೆ ೪.೩೦ಕ್ಕೆ ಹೇಮಾಳ ದಸ್ತಗಿರಿ ದಾಖಲಾಯಿತು. ಪಾಸ್‌ವರ್ಡನ್ನು ಅವಳೇ ಬರೆದು ಲಕೋಟೆಗೆ ಹಾಕಿಕೊಟ್ಟಳು. ಎಕ್ಸ್‌ರೇಗಳಿರುವ ಡಿಸ್ಕು ಜಪ್ತಿಯಾಗಿದೆ ಎಂದು ಕಾರ್ಮಿಕ ಅಧಿಕಾರಿಗೆ ಅದೇ ಸಂಜೆ ಪತ್ರ ಹೋಯಿತು. ಕಲಂ ಜಾಮೀನು ಕೊಡಬಹುದಾದದ್ದೇ.

“ಆ ನಾನ್ನೂರು ಮಂದ್ಯಾಗ ನಿಮ್ಮೋರು ಯಾರರ ಅದಾರೇನು?” ಸಿದ್ದಲಿಂಗೇಶ ಕೇಳಿದ.

“ಯಾರೂ ಇಲ್ರಿ. ಉಸಿರು ಹಿಡೀರಿ ಅಂತಿದ್ದೆ, ಹಿಡಿಯಾಕ ಆಗ್ತಿರಲಿಲ್ಲ ಅವರಿಗೆ. ಕೆಮ್ಮಿ, ತಪ್ಪಾತವಾ ಅಂತಿದ್ರು.”

ಜಾಮೀನಿಗೆ ಬಂದವನು ಅದೇ ಕಾರ್ಖಾನೆಯ ಭಟ್ಟಿ ಕೆಲಸದ ಹುಲಗಪ್ಪ. ಹೆಬ್ಬೆಟ್ಟೊತ್ತಿ, ಬೆರಳು ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ: “ನಂದೂ ಐತೇನವಾ ಅದರಾಗ?”

“ಐತಿ ಕಾಕಾ,” ಎಂದಳು ಹೇಮಾ. “ಭಟ್ಟಿ ಕಡಿ ಹೋಗಬ್ಯಾಡ್ರಿ. ನಾಳೆನ ಕೊಪ್ಪಳದ ದವಾಖಾನಿಗೆ ಹೋಗೂನು. ನಿಮ್ಮದು ಈಗ ಶುರುವಾಗೈತಿ, ಇನ್ನೂ ಹೊತ್ತೈತಿ.”