ಇಲ್ಲವೆಂದ ನೀರಿಗೆ ಸಾಕ್ಷಿ

ಬೆಟ್ಟದ ಮೇಲೆ ನೀರೇ ಇಲ್ಲವೆಂದು ಕಲ್ಲು ಕ್ವಾರಿಯವರು ಬರೆದುಕೊಟ್ಟಿದ್ದರು. ಕಚೇರಿ ನಂಬಿತ್ತು. ಅದೇ ನೀರು ಕುಡಿಯುವ ತಪ್ಪಲಿನ ನಲವತ್ತು ಮನೆಗಳ ಮಾತು ಸಾಕ್ಷಿಯಲ್ಲವಂತೆ. ಬೇರೆ ವಿಳಾಸದವರೊಬ್ಬರು ಕಣ್ಣಾರೆ ಕಂಡು, ಸಂಜೆ ನಾಲ್ಕರೊಳಗೆ ಸಹಿ ಹಾಕಬೇಕು. ಇಲ್ಲದಿದ್ದರೆ ನಾಳೆಯೇ ಸಿಡಿಮದ್ದು.

ಸಿಕ್ಕವಳು ಪಟ್ಟಣದ ಒಬ್ಬ ದರ್ಜಿ. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಬೆಟ್ಟವನ್ನು ಎಂದೂ ಹತ್ತಿರಲಿಲ್ಲ. ತಪ್ಪಲಿನಲ್ಲಿದ್ದ ನಾದಿನಿ ಅವಳನ್ನು ಬೆಳಗ್ಗೆಯೇ ಹೊರಡಿಸಿದಳು.

ಹತ್ತಿದಷ್ಟೂ ಬೆಟ್ಟ ಬೆಳೆಯುತ್ತಿತ್ತು. ತುದಿ ಬಂತೆಂದುಕೊಂಡರೆ ಅದರ ಬೆನ್ನಿಗೆ ಇನ್ನೊಂದು ತುದಿ, ಎಲ್ಲೆಲ್ಲೂ ಒಂದೇ ಹುಲ್ಲು, ಒಂದೇ ಬಂಡೆ. ಇನ್ನೆಷ್ಟು ದೂರವೆಂದು ಕೇಳಿದಾಗಲೆಲ್ಲ ನಾದಿನಿ ಇಲ್ಲೇ ಎನ್ನುತ್ತಿದ್ದಳು. ಆ ‘ಇಲ್ಲೇ’ಗೆ ಎರಡು ತಾಸು ಹಿಡಿಯಿತು.

ಅಷ್ಟರಲ್ಲಿ ಜಾರುಗಲ್ಲಿನ ಮೇಲೆ ನಾದಿನಿಯ ಪಾದ ಉಳುಕಿತು.

“ನೀನೇ ಹೋಗು ಅತ್ತಿಗೆ. ಮೇಲೆ ಆ ಬಂಡೆಗಳ ನಡುವೆ ನೀರಿದೆ.”

“ದಾರಿ ತಪ್ಪಿದ್ರೆ?”

“ತಪ್ಪಾದ್ರೆ ಬಿಚ್ಚಿ ಮತ್ತೆ ಹೊಲಿಯೋದು ನಿನಗೇನು ಹೊಸದಾ?”

ದರ್ಜಿ ಸೊಂಟದ ಚೀಲದಿಂದ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣ ತೆಗೆದು, ಬಂಡೆ ಬಂಡೆಗೂ ಗುರುತು ಹಾಕುತ್ತ ಹತ್ತಿದಳು. ಒರತೆ ಕಂಡಿತು. ಬಾಟಲಿ ತುಂಬಿಸಿ ತಿರುಗಿದರೆ ಸುತ್ತ ಮಂಜು. ಗುರುತು ಒಂದೂ ಇಲ್ಲ. ಒರೆಸಿದರೆ ಹೋಗಲೆಂದೇ ಮಾಡಿದ ಸುಣ್ಣ ಮಂಜಿಗೆ ನಿಂತೀತೇ?

ಎಡಕ್ಕೆ ನಡೆದಳು. ಅದೇ ಬಂಡೆ.

ಬಲಕ್ಕೆ ನಡೆದಳು. ಮತ್ತೆ ಅದೇ, ಇಲ್ಲವೇ ಅದರ ತಂಗಿ.

ಕಾಲ್ಬುಡದ ಕಲ್ಲು ಉರುಳಿತು. ಕೆಳಗೆ ಬಿದ್ದ ಸದ್ದು ಬರಲೇ ಇಲ್ಲ.

ಅವಳು ಕೂಗಿದಳು. ನಾದಿನಿಯ ದನಿ ನಾಲ್ಕೂ ಕಡೆಯಿಂದ ಬಂತು: “ನೀರು ಎತ್ತ ಹೋಗ್ತಿದೆ ನೋಡು. ಅದರ ಜೊತೆಗೇ ಇಳಿ.”

ಬಾಟಲಿಯನ್ನು ಎದೆಗವಚಿ, ಕೂತು, ತೆವಳಿ, ಜಾರಿ ಇಳಿದಳು. ಮಂಜಿನೊಳಗಿಂದ ಒಂದು ಕೈ ಅವಳ ತೋಳು ಹಿಡಿಯಿತು. ಅಲ್ಲಿಂದ ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಜೋತು ತಪ್ಪಲು ಸೇರಿದರು.

ಕಚೇರಿ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅಧಿಕಾರಿ ಬಾಟಲಿಯನ್ನು ಬದಿಗೆ ಸರಿಸಿ, ನಕ್ಷೆ ಹರಡಿ, ಒರತೆ ಎಲ್ಲಿದೆ ತೋರಿಸಿ ಎಂದ. ದರ್ಜಿ ನಕ್ಷೆಯನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು.

“ಎತ್ತ ಹತ್ತಿದೆ, ಎತ್ತ ಇಳಿದೆ, ಒಂದೂ ಗೊತ್ತಿಲ್ಲ ಸಾರ್. ನನ್ನ ಕೆಳಗೆ ತಂದಿದ್ದೇ ಆ ನೀರು. ಇಲ್ಲ ಅಂತ ಬರೆದವರು ಹತ್ತಿದ್ರಾ?”

ಅಧಿಕಾರಿ ಕ್ವಾರಿಯವರ ವರದಿ ತಿರುವಿದ. ಸ್ಥಳ ನೋಡಿದವರ ಸಹಿಯ ಜಾಗ ಖಾಲಿಯಿತ್ತು. ಅವನು ಅವಳತ್ತ ಪೆನ್ನು ಚಾಚಿದ.

ಸಿಡಿಮದ್ದಿಗೆ ತಡೆ ಬಿತ್ತು. ಹೊರಬಂದ ದರ್ಜಿಗೆ ಬಸ್ ನಿಲ್ದಾಣ ಯಾವ ಕಡೆಯೆಂದೂ ತೋಚಲಿಲ್ಲ. ನಾದಿನಿ ಕುಂಟುತ್ತ ಮುಂದೆ ನಡೆದಳು.