ಎರಡನೆಯ ಬುಟ್ಟಿ

"ಆ ಬೇರು ಬಿಟ್ಬಿಡು ಲವೀನಾ. ಹೋದ ವರ್ಷ ತಾನೇ ಈ ಮರದಿಂದ ತೆಗೆದಿದ್ದಾರೆ."

ಆ ದನಿ!

ಸ್ಪ್ರೂಸ್ ಮರದ ಬುಡದಲ್ಲಿ ಪಾಚಿ ಸರಿಸಿ ಮಣ್ಣೊಳಗೆ ಕೈ ತೂರಿಸಿದ್ದ ಲವೀನಾ ಹಾಗೇ ಕಲ್ಲಾದಳು. ಯಾರ ಮುಖ ನೋಡಬಾರದೆಂದು ತನ್ನೂರು ಹೂನಾಕ್ಕೆ ಬರುವುದನ್ನೇ ಬಿಟ್ಟಿದ್ದಳೋ, ಆ ರೂಬೆನ್ ಬೆನ್ನ ಹಿಂದೆ ನಿಂತಿದ್ದ.

"ನನ್ನ ಬುಟ್ಟೀನ ಬೆಂಕಿಗೆ ಹಾಕಿದವನು ನನಗೆ ಬುದ್ಧಿ ಹೇಳೋಕೆ ಬಂದ್ಯಾ?"

ಅವನ ಮುಖ ಬಿಳಿಚಿತು. "ಅದನ್ನ... ನೋಡಿದ್ಯಾ ನೀನು?"

"ಕಣ್ಣಾರೆ! ಹಡಗುಕಟ್ಟೆಯಿಂದ!"

ಅವನು ಬಗ್ಗಿದ. ಅವಳು ಅಗೆದಿದ್ದ ಗುಂಡಿಗೆ ಮಣ್ಣೆಳೆದು, ಮೇಲೆ ಪಾಚಿ ಹೊದಿಸಿ, ಹೊರಟುಹೋದ.

ಒಂದು ಮಾತು... ಒಂದೇ ಒಂದು ಮಾತು ಆಡಬಾರದಿತ್ತೇ!

ತಾಯಿಯಿಲ್ಲದ ಲವೀನಾಳನ್ನು ಸಾಕಿದ್ದೂ, ಸ್ಪ್ರೂಸ್ ಬೇರಿನಿಂದ ಬುಟ್ಟಿ ಹೆಣೆಯಲು ಕಲಿಸಿದ್ದೂ ಅಗ್ರಫೀನಾ ಅಜ್ಜಿ. ಮೊದಲ ಬುಟ್ಟಿ ಕಲಿಸಿದವರಿಗೇ ಸೇರಬೇಕು, ಅದು ಅವರ ಜನರ ಕಟ್ಟಳೆ. ಅದು ಗೊತ್ತಿದ್ದೂ, ಜೂನೋ ಪಟ್ಟಣದ ಬೇಕರಿ ಕೆಲಸಕ್ಕೆ ಹೊರಟ ದಿನ ಲವೀನಾ ತನ್ನ ಮೊದಲ ಬುಟ್ಟಿಯನ್ನು ಕದ್ದುಮುಚ್ಚಿ ರೂಬೆನ್ ಕೈಗಿಟ್ಟಿದ್ದಳು. ಪ್ರೀತಿಯ ಹುಚ್ಚು, ಇನ್ನೇನು! ಅಜ್ಜಿಗೆ ಮಾತ್ರ, "ಇನ್ನೂ ಮುಗಿದಿಲ್ಲ ಅಜ್ಜೀ" ಎಂದು ಸುಳ್ಳು ಹೇಳಿದಳು.

ಆಮೇಲೆ ಫೋನಿನಲ್ಲಿ ಜಗಳ. ಜೂನೋದಲ್ಲೇ ಉಳಿಯುತ್ತೇನೆ ಎಂದಾಗ ಅವನು, "ಹಾಗಾದ್ರೆ ನಿನ್ನ ಬುಟ್ಟಿ ನನಗ್ಯಾಕೆ?" ಎಂದು ರೇಗಿದ್ದ. ಅದೇ ವಾರ ಅಜ್ಜಿ ತೀರಿಕೊಂಡರು. ಬಿರುಗಾಳಿಗೆ ಅವಳು ಹೊರಟ ಹಡಗು ತಡವಾಯಿತು. ಮಣ್ಣೂ ಆಗಿದೆ, ಸತ್ತವರಿಗೆ ಮುಟ್ಟಲೆಂದು ಎಡೆ ಹಾಕುವ ಬೆಂಕಿಯೂ ಬೆಳಿಗ್ಗೆಯೇ ಮುಗಿದಿದೆ ಎಂದು ಹೂನಾದ ಹಡಗುಕಟ್ಟೆಯಲ್ಲಿ ಯಾರೋ ಹೇಳಿದರು. ಆಗಲೇ ದೂರದ ದಂಡೆಯ ಮೇಲೆ ಹೊಗೆ ಕಂಡಿತು. ರೂಬೆನ್ ಕೈಯಲ್ಲಿ ಅವಳ ಬುಟ್ಟಿ. ಅವಳು ನೋಡುತ್ತಿದ್ದಂತೆಯೇ ಅದು ಉರಿಯೊಳಗೆ ಬಿತ್ತು.

ಬಂದ ಹಡಗಿನಲ್ಲೇ ಅವಳು ವಾಪಸಾದಳು. ಅವನ ಒಂದು ಕರೆಗೂ ಉತ್ತರಿಸಲಿಲ್ಲ.

ಈಗ ಬಂದದ್ದು ಅಜ್ಜಿಗಾಗಿ. ಬರುವ ಶರತ್ಕಾಲದಲ್ಲಿ ಅಜ್ಜಿಯ ನೆನಪಿನ ದೊಡ್ಡ ಊಟ. ಅಷ್ಟರೊಳಗೆ ಪುಟ್ಟದೊಂದು ಬುಟ್ಟಿ ಹೆಣೆದು, ಅಂದು ಬೆಂಕಿಯ ಮೂಲಕ ಅಜ್ಜಿಗೆ ಮುಟ್ಟಿಸಬೇಕು. ಅದಾಗದಿದ್ದರೆ ತನಗೆ ನೆಮ್ಮದಿಯಿಲ್ಲ...

ಮಧ್ಯಾಹ್ನ ಅಪ್ಪನ ಅಕ್ಕ ಹ್ಯಾರಿಯೆಟ್ ಅತ್ತೆಯ ಅಂಗಳದಲ್ಲಿ, ಬೇರೆ ಮರದಿಂದ ತಂದ ಬೇರುಗಳನ್ನು ಬೆಂಕಿಗೆ ಹಿಡಿದು, ಸೀಳಿದ ಕೋಲಿನ ನಡುವೆ ಎಳೆದು ಸಿಪ್ಪೆ ಸುಲಿಯುತ್ತಿದ್ದಾಗ ಅವಳು ಇದನ್ನೆಲ್ಲ ಹೇಳಿಕೊಂಡು ಅತ್ತಳು.

ಅತ್ತೆ ಕೋಲು ಕೆಳಗಿಟ್ಟರು.

"ಅಯ್ಯೋ ಪೆದ್ದೀ! ನಿಮ್ಮಜ್ಜಿಗೆ ಅದು ಆಗಲೇ ಮುಟ್ಟಿದೆಯಲ್ಲೇ!"

"ಏನು?"

"ನಿಮ್ಮಜ್ಜಿಯಂಥ ಕಾಗೆ ಕುಲದವರು ಸತ್ರೆ ಬೆಂಕಿ ಕೆಲಸ ನಮ್ಮ ಹದ್ದಿನ ಕುಲದ್ದು ತಾನೇ? ಬೆಳಿಗ್ಗೆನೇ ಮುಗಿಸಿದ್ವಿ. ಆಮೇಲೆ ಈ ರೂಬೆನ್ ಓಡಿಬಂದು, ಮತ್ತೆ ಹಚ್ಚಿ ಅಂತ ಹಟ ಹಿಡಿದ. 'ಅಗ್ರಫೀನಾ ಅಜ್ಜೀ, ನಿಮ್ಮ ಮೊಮ್ಮಗಳ ಮೊದಲ ಬುಟ್ಟಿ, ತಗೊಳ್ಳಿ' ಅಂತ ಹೆಸರು ಕೂಗಿ ಹಾಕಿದ. ನಾವೆಲ್ಲ ಅತ್ತುಬಿಟ್ವಿ ಕಣೇ."

"ಮತ್ತೆ ನನಗೆ ಯಾಕೆ ಯಾರೂ..."

"ನಿನಗೆ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ದ. ಯಾಕೆ ಅಂತ ಅವನನ್ನೇ ಕೇಳು. ಓಡು!"

ಓಡಿದಳು. ದಂಡೆಯಲ್ಲಿ ಅವನು ದೋಣಿಗೆ ಒರಗಿ ಕುಳಿತಿದ್ದ.

"ಯಾಕೆ ಮುಚ್ಚಿಟ್ಟೆ ರೂಬೆನ್?" ಅವಳಿಗೆ ಏದುಸಿರು.

ಅವನು ತಲೆ ತಗ್ಗಿಸಿದ. "ಅಜ್ಜಿಗೆ ಕೊನೆಗೆ ಕಣ್ಣು ಕಾಣ್ತಿರಲಿಲ್ಲ. ಸೌದೆ ಹಾಕೋಕೆ ಹೋದಾಗಲೆಲ್ಲ ಕೈ ಚಾಚಿ ಕೇಳೋರು, 'ನಮ್ಮ ಹುಡುಗಿ ಬುಟ್ಟಿ ಮುಗಿಸಿದ್ಳಾ?' ಅಂತ. ಅದು ನನ್ನ ಮನೇಲಿತ್ತು ಲವೀನಾ... ನೀನು ಬಂದಮೇಲೆ ನಿನ್ನ ಕೈಯಿಂದಲೇ ಕೊಡಿಸೋಣ ಅಂತಿದ್ದೆ. ಅಜ್ಜಿ ಕಾಯಲಿಲ್ಲ."

ಲವೀನಾ ಅವನ ಪಕ್ಕ ಕುಳಿತಳು. ಅಜ್ಜಿ ಕೈ ಚಾಚಿದ್ದರು... ಆ ಕೈ ಬರಿದಾಗಿಯೇ ಹಿಂದೆ ಸರಿದಿತ್ತು...

"ಇದು ಗೊತ್ತಾದ್ರೆ ನೀನು ಜನ್ಮವಿಡೀ ಕೊರಗ್ತೀಯ ಅಂತ ಹೇಳಲಿಲ್ಲ. ಇವತ್ತು ಮರದ ಹತ್ರಾನೂ, ಅದಕ್ಕಿಂತ ನೀನು ನನ್ನ ಮೇಲೆ ಸಿಟ್ಟಾಗಿರೋದೇ ವಾಸಿ ಅನ್ನಿಸ್ತು."

"ನನ್ನ ತಪ್ಪನ್ನ ನೀನ್ಯಾಕೆ ಹೊತ್ಕೊಂಡೆ?"

"ಬುಟ್ಟಿ ಇಸ್ಕೊಂಡವನು ನಾನಲ್ವಾ? ನನ್ನದೂ ಪಾಲಿದೆ." ಅವನು ಆ ಬೆಂಕಿಯ ಜಾಗದತ್ತ ತಿರುಗಿದ. "ನಿನ್ನದು ಅಂತ ನನ್ನ ಹತ್ರ ಇದ್ದದ್ದು ಅದೊಂದೇ. ಬೆಂಕಿಗೆ ಹಾಕುವಾಗ ಜೀವ ಹೋದ ಹಾಗಾಯ್ತು."

ಅವಳು ಅವನ ಎದೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಅವನು ಅಳುವುದಕ್ಕೆ ಬಿಟ್ಟ. ಅದೇ ಅವಳಿಗೆ ಬೇಕಾಗಿತ್ತು.

ಬಹಳ ಹೊತ್ತಿನ ಮೇಲೆ ಅವಳು ಜೇಬಿನಿಂದ ಸುಲಿದ ಬೇರಿನ ಒಂದು ಸಿಂಬಿ ತೆಗೆದಳು.

"ಇದು ಅಜ್ಜಿಗೆ ಅಂತ ತೆಗೆದಿದ್ದೆ. ಅಜ್ಜಿ ಹತ್ರ ಆಗಲೇ ಒಂದಿದೆಯಂತೆ."

"ಹಾಗಾದ್ರೆ ಇದು?"

"ಎರಡನೇ ಬುಟ್ಟಿಗೆ ಯಾವ ಕಟ್ಟಳೆಯೂ ಇಲ್ಲ ರೂಬೆನ್. ಯಾರಿಗೆ ಬೇಕಾದ್ರೂ ಕೊಡಬಹುದು." ಅವಳ ಕೆನ್ನೆ ಕೆಂಪಾಯಿತು. "ಆದ್ರೆ ದೊಡ್ಡದನ್ನ ಇಲ್ಲೇ ಕೂತು ಹೆಣೆಯೋಕೆ ಚಳಿಗಾಲ ಪೂರ್ತಿ ಬೇಕು... ಕಾಯ್ತೀಯಾ?"

ಅವನು ಸಿಂಬಿಯಿಂದ ಒಂದು ಬೇರು ಬಿಡಿಸಿ, ಅದರ ತುದಿಯನ್ನು ಬಿಗಿಯಾಗಿ ಹಿಡಿದು ಅವಳ ಮುಂದೆ ಚಾಚಿದ.

"ಕಾಯೋದೇನು? ಬೇರು ಸೀಳುವಾಗ ತುದಿ ಹಿಡಿಯೋಕೆ ಒಬ್ಬ ಬೇಕಲ್ಲ... ಶುರು ಮಾಡು."